ಪಿಎಚ್‌ಸಿ ಡಾಕ್ಟ್ರನ್ನ ನಿಯೋಜನೆ ಮೇಲೆ ಕಳಿಸಿದಾರೆ, ಇದನ್ನ ಕೇಳೋರು ಯಾರು?

ಹೋಬಳಿಹುಡುಗ

ನಮ್ದು ಬಯಲುಸೀಮೆ ಕಡೆ ಒಂದು ಹೋಬಳಿ ಕೇಂದ್ರ, ಊರಿನ ಹೆಸ್ರು ಬೇಡ ಬಿಡಿ. ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಬಿಲ್ಡಿಂಗ್ ಚೆನ್ನಾಗಿದೆ, ಮೊನ್ನೆ ಸುಣ್ಣಬಣ್ಣಾನೂ ಆಯ್ತು, ಡಾಕ್ಟ್ರು ಮಾತ್ರ ವಾರದಲ್ಲಿ ಎರಡು ದಿನ ಕಂಡ್ರೆ ಪುಣ್ಯ, ಯಾಕಂದ್ರೆ ಅವ್ರನ್ನ ತಾಲ್ಲೂಕು ಆಸ್ಪತ್ರೆಗೆ ನಿಯೋಜನೆ ಮಾಡ್ಕೊಂಡಿದಾರಂತೆ, ಅಂದ್ರೆ ಹುದ್ದೆ ಇಲ್ಲಿ, ಕೆಲ್ಸ ಅಲ್ಲಿ. ಉಳಿದ ದಿನ ಫಾರ್ಮಸಿಯವ್ರೇ ಜ್ವರ ಅಂದ್ರೂ ಕೆಮ್ಮು ಅಂದ್ರೂ ಅದೇ ಮಾತ್ರೆ ಕೊಟ್ಟು ಕಳಿಸ್ತಾರೆ. ಮೇಲಿನ ಆಫೀಸಲ್ಲಿ ಹೋಗಿ ಕೇಳಿದ್ರೆ "ಹುದ್ದೆ ಭರ್ತಿ ಇದೆಯಲ್ರೀ, ಇನ್ನೇನು ಬೇಕು" ಅಂದ್ರು. ಮೊದ್ಲಾದ್ರೆ ಜಿಲ್ಲಾ ಪಂಚಾಯ್ತಿ ಮೆಂಬರ್ ಮನೆ ಮುಂದೆ ನಾಲ್ಕು ಜನ ಹೋಗಿ ನಿಂತ್ರೆ ಅಲ್ಲೇ ಫೋನ್ ಹಚ್ತಿದ್ರು, ಈಗ ಆ ಮೆಂಬರೇ ಇಲ್ವಲ್ಲ. ಶಾಸಕರ ಪಿಎ ಫೋನೇ ಎತ್ತಲ್ಲ. ಕಾನೂನು ಪ್ರಕಾರ ಆಸ್ಪತ್ರೆ, ಸ್ಕೂಲು ಇವನ್ನೆಲ್ಲ ಚೆಕ್ ಮಾಡೋ ಜವಾಬ್ದಾರಿ ಯಾರ್ದು ಅಂತ ಗೊತ್ತಿರೋರು ಹೇಳ್ತೀರಾ?

ಕಾಫಿಪುಡಿ

ಸಕಾಲದಲ್ಲಿ ಅರ್ಜಿ ಹಾಕಿ ಗುರು. ಲೇಟ್ ಆದ್ರೆ ದಿನಕ್ಕೆ 20 ರೂಪಾಯಿ, ಆಫೀಸರ್ ಸಂಬಳದಿಂದಲೇ ಕಟ್. ಇಲ್ಲಾಂದ್ರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ.

ನಿವೃತ್ತ_ಗುಮಾಸ್ತ

ಸಕಾಲ ಇದಕ್ಕೆ ಬರೋದಿಲ್ಲ. ಅದು ಜಾತಿ-ಆದಾಯ ಪ್ರಮಾಣಪತ್ರ, ಖಾತೆ ಥರ ಅರ್ಜಿ ಕೊಟ್ಟು ತಗೊಳ್ಳೋ ಸೇವೆಗಳಿಗೆ ಇಷ್ಟು ದಿನ ಅಂತ ಗಡುವು ಹಾಕಿರೋದು. ಡಾಕ್ಟ್ರು ಕುರ್ಚಿಲಿ ಇಲ್ಲ ಅನ್ನೋದಕ್ಕೆ ಗಡುವು ಎಲ್ಲಿಂದ ಬರ್ಬೇಕು? ಪರಿಹಾರಾನೂ 500 ರೂಪಾಯಿಗೆ ನಿಂತು ಹೋಗುತ್ತೆ. 1902ಕ್ಕೆ ಹೇಳಬಹುದು, ದೂರು ಸಂಬಂಧಪಟ್ಟ ಕಚೇರಿಗೆ ಹೋಗುತ್ತೆ, ಅಂದ್ರೆ ನಿಮಗೆ "ಭರ್ತಿ ಇದೆ" ಅಂದ ಟೇಬಲ್ಲಿಗೇ ತಿರುಗಿ ಬಂದ್ರೂ ಆಶ್ಚರ್ಯ ಇಲ್ಲ.

ನಾನು ಜಿಪಂ ಕಚೇರಿಲಿ ವರ್ಷಗಟ್ಟಲೆ ಕೂತಿದ್ದವ್ನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ನಿಮಗೆ ಹೇಳಿದ್ದು ಸುಳ್ಳೂ ಅಲ್ಲ. ಕೆಡಿಪಿ ಸಭೆಗೆ, ಅಂದ್ರೆ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗೆ, ಇಲಾಖೆಗಳು ಪ್ರಗತಿ ಪುಸ್ತಕ ಅಂತ ಕೊಡ್ತವೆ, ನಾನು ನೋಡಿದ ಪುಸ್ತಕಗಳಲ್ಲಿ ಸಿಬ್ಬಂದಿ ಪುಟಕ್ಕೆ ಮೂರೇ ಕಾಲಂ, ಮಂಜೂರು, ಭರ್ತಿ, ಖಾಲಿ. ನಿಮ್ಮ ಡಾಕ್ಟ್ರ ಸಂಬಳ ನಿಮ್ಮ ಪಿಎಚ್‌ಸಿ ಲೆಕ್ಕದಲ್ಲೇ ಆಗ್ತಿದ್ರೆ ಮಂಜೂರು 1, ಭರ್ತಿ 1, ಖಾಲಿ 0. ಮನುಷ್ಯ ಎಲ್ಲಿ ಕೂತು ಕೆಲ್ಸ ಮಾಡ್ತಿದಾನೆ ಅನ್ನೋದಕ್ಕೆ ಕಾಲಮ್ಮೇ ಇಲ್ಲ. ಇನ್ನು ಸಭೆ ನಡೆಯೋ ಕಥೆ. ಉಸ್ತುವಾರಿ ಮಂತ್ರಿಗಳು ಮೂರು ತಿಂಗ್ಳಿಗೊಂದ್ಸಲ ಬರ್ತಾರೆ, ಬರೋದೇ ಲೇಟು, ಮೊದ್ಲು ಕೃಷಿ, ಮಳೆ ಎಷ್ಟಾಯ್ತು ಗೊಬ್ಬರ ಸ್ಟಾಕ್ ಎಷ್ಟು ಬೆಳೆ ವಿಮೆ ಯಾಕೆ ಬಂದಿಲ್ಲ ಅಂತ ಇಬ್ರು ಶಾಸಕರು ಜಗಳಕ್ಕೆ ನಿಂತ್ರೆ ಅಲ್ಲಿಗೆ ಊಟದ ಹೊತ್ತು, ಆಮೇಲೆ ಕುಡಿಯೋ ನೀರು. ಆರೋಗ್ಯ ಬರೋ ಹೊತ್ಗೆ ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಎದ್ದು ನಿಂತು ಗುರಿ ಇಷ್ಟು ಸಾಧನೆ ಇಷ್ಟು ಅಂತ ಓದ್ತಾರೆ, "ಡೆಂಗ್ಯೂ ಬಗ್ಗೆ ಎಚ್ಚರ ವಹಿಸಿ" ಅಂತ ಒಂದು ಸೂಚನೆ, ಮುಗೀತು.

ಸ್ಥಾಯಿ ಸಮಿತಿ ಇದ್ದಾಗ ಹಿಂಗಿರ್ಲಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಲಿ ಜಿಪಂಗೆ ಮೆಂಬರ್‌ಗಳೇ ಇರೋ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಅಂತ ಇದೆ, ಡಿಎಚ್‌ಓ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಎದುರಿಗೆ ಕೂತು ಉತ್ತರ ಕೊಡ್ಬೇಕು. ಮೆಂಬರ್ ಎದ್ದು "ನಮ್ಮೂರ್ ಡಾಕ್ಟ್ರು ಎಲ್ರೀ" ಅಂದ್ರೆ ಆ ಮೂರು ಕಾಲಂ ತೋರಿಸಿ ತಪ್ಪಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ, ಯಾಕಂದ್ರೆ ಆತ ಬೆಳಿಗ್ಗೆ ಅದೇ ಆಸ್ಪತ್ರೆ ಮುಂದೆ ಹಾದು ಬಂದಿರ್ತಿದ್ದ. 2021ಕ್ಕೆ ಮೆಂಬರ್‌ಗಳ ಅವಧಿ ಮುಗೀತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಎಲೆಕ್ಷನ್ ವರ್ಷಗಟ್ಟಲೆ ಮುಂದಕ್ಕೆ ಹೋಯ್ತು, ಆಡಳಿತಾಧಿಕಾರಿ ಬಂದು ಕೂತ್ರು. ಈಗ ಆಫೀಸರ್ ಕೊಟ್ಟ ಲೆಕ್ಕವನ್ನ ಇನ್ನೊಬ್ಬ ಆಫೀಸರ್ ನೋಡಿ ಸಹಿ ಹಾಕ್ತಾರೆ.

ಮಂಡ್ಯ_ಗಂಡು

ಅಣ್ಣಾ ಮೆಂಬರ್‌ಗಳನ್ನ ಅಷ್ಟೊಂದು ಹೊಗಳ್ಬೇಡಿ. ನಮ್ ಕಡೆ ಮೆಂಬರ್‌ಗಳ ಅರ್ಧ ಟೈಮು ವರ್ಗಾವಣೆ ಶಿಫಾರಸ್ಸಿಗೆ, ಇನ್ನರ್ಧ ಕಾಮಗಾರಿ ಪರ್ಸೆಂಟೇಜಿಗೆ ಹೋಗ್ತಿತ್ತು. ಡಾಕ್ಟ್ರನ್ನ ಓಡ್ಸಿದ್ದೇ ಅವ್ರು ಅನ್ನೋ ಕಥೆಗಳೂ ಇದಾವೆ. ನನ್ನ ಕೇಳಿದ್ರೆ ಲೋಕಾಯುಕ್ತ ವೆಂಕಟಾಚಲ ಅವ್ರ ಕಾಲ ಬರ್ಬೇಕು, 2001ರಿಂದ 2006, ಆಸ್ಪತ್ರೆಗೆ ದಿಢೀರ್ ಅಂತ ನುಗ್ತಿದ್ರು. ಡಾ. ಎಚ್. ಸುದರ್ಶನ್ ಅವ್ರೂ ಆಗ ಲೋಕಾಯುಕ್ತದಲ್ಲಿದ್ರು, ಆರೋಗ್ಯದ ವಿಷ್ಯ ಅವ್ರೇ ನೋಡ್ತಿದ್ರು.

ನಿವೃತ್ತ_ಗುಮಾಸ್ತ

ಪರ್ಸೆಂಟೇಜ್ ವಿಷ್ಯ ಒಪ್ಕೋತೀನಿ. ಆದ್ರೆ ಲೋಕಾಯುಕ್ತರು ಒಂದು ಆಸ್ಪತ್ರೆಗೆ ಬಂದು ಹೋದ್ರೆ ಮತ್ತೆ ಬರೋದು ಯಾವಾಗ? ಸಾವಿರಾರು ಪಿಎಚ್‌ಸಿ ಇರೋ ರಾಜ್ಯ ಇದು. ಮೆಂಬರ್ ಕಳ್ಳ ಆಗಿದ್ರೂ ಐದು ವರ್ಷಕ್ಕೊಂದ್ಸಲ ಅದೇ ಊರಿಗೆ ಓಟು ಕೇಳೋಕೆ ಬರ್ಲೇಬೇಕಿತ್ತು.

ಬಿಸಿಲೂರ_ಮಾಸ್ತರ

ನಿಮ್ಮ ಕಡಿ ವಾರಕ್ಕ ಎರಡು ದಿನಾನಾದ್ರೂ ಬರ್ತಾರಲ್ರಿ. ನಮ್ಮದು ರಾಯಚೂರು ಜಿಲ್ಲಾ. ನಂಜುಂಡಪ್ಪ ಸಮಿತಿ 2002ರಾಗ 114 ತಾಲ್ಲೂಕು ಹಿಂದುಳಿದಾವ, ಅದರಾಗ 39 ಅತ್ಯಂತ ಹಿಂದುಳಿದಾವ ಅಂತ ಹೇಳಿತ್ತು, ಆಮ್ಯಾಲ ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371ಜೆ ಬಂತು, ಅಭಿವೃದ್ಧಿ ಮಂಡಳಿ ಬಂತು, ರೊಕ್ಕಾನೂ ಬಂತು, ಸುಳ್ಳ್ಯಾಕ ಹೇಳ್ಬೇಕು. ಆದ್ರ ರೊಕ್ಕ ಬಂದಾಗ ಮೊದಲ ಏಳೋದು ಕಟ್ಟಡ. ನಮ್ಮ ಸಾಲ್ಯಾಗ ಹೊಸಾ ಕೋಣಿ ಅದಾವ, ಪಾಠ ಹೇಳವ್ರು ಅತಿಥಿ ಶಿಕ್ಷಕರು, ಅವ್ರ ಗೌರವಧನ ತಿಂಗಳಾ ತಿಂಗಳಾ ಬರಂಗಿಲ್ಲ, ದಸರಾ ಆದ ಮ್ಯಾಲ ಅರ್ಧ ಮಂದಿ ಬ್ಯಾರೆ ಕೆಲಸ ಹುಡುಕ್ಕೊಂಡು ಹೋಗ್ತಾರ. ತಪಾಸಣಿಗೆ ಬಂದವ್ರು ಏನ್ ನೋಡ್ತಾರ ಗೊತ್ತೇನ್ರಿ? ಬಿಸಿಯೂಟದ ರಿಜಿಸ್ಟರ್, ಶೌಚಾಲಯದ ಫೋಟೋ, ಆನ್‌ಲೈನ್ ಎಂಟ್ರಿ ಆಗೇತೋ ಇಲ್ಲೋ. ಐದನೇತ್ತಿ ಹುಡುಗನ್ನ ಎಬ್ಬಿಸಿ ನಿಲ್ಲಿಸಿ ಒಂದು ಪ್ಯಾರಾ ಓದಪಾ ಅಂತ ಕೇಳಿದವ್ರನ್ನ ನಾ ಇತ್ತೀಚಿಗೆ ಕಂಡಿಲ್ಲ. ಒಂದು ಕೈಯಾಗಿನ ಹತಾರ ಅಂದ್ರ ಎಸ್‌ಡಿಎಂಸಿ, ಪಾಲಕರು ಇರೋ ಸಾಲಿ ಉಸ್ತುವಾರಿ ಸಮಿತಿ. ಪಾಲಕರು ಠರಾವು ಪುಸ್ತಕದಾಗ "ಗಣಿತಕ್ಕ ಮಾಸ್ತರ್ ಇಲ್ಲ" ಅಂತ ಬರಸಿ ಬಿಇಓಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಕಳಿಸಿದ್ರ ಅದಕ್ಕ ಜವಾಬು ಕೊಡಬೇಕಾಗ್ತದ. ಹೆಡ್‌ಮಾಸ್ತರ್‌ಗೂ ಅದು ಬೇಕಾಗಿರ್ತದ, ತಾನ ಬರದ್ರ ಕಷ್ಟ, ಪಾಲಕರು ಬರದ್ರ ಚಲೋ.

ಹೋಬಳಿಹುಡುಗ

ಥ್ಯಾಂಕ್ಸ್ ಎಲ್ರಿಗೂ. ಮಾಸ್ತರ್ ಹೇಳಿದ ಥರ ಆಸ್ಪತ್ರೆಗೂ ಏನಾದ್ರೂ ಇದೆಯಾ? ಗುಮಾಸ್ತರೇ, ನಾನೀಗ ಮೊದಲು ಏನು ಮಾಡ್ಲಿ ಅಂತ ಒಂದೇ ಮಾತಲ್ಲಿ ಹೇಳ್ಬಿಡಿ.

ನಿವೃತ್ತ_ಗುಮಾಸ್ತ

ಒಂದೇ ಮಾತಲ್ಲಿ ಆಗಲ್ಲ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಸಭೆ ನಡೆದಿದೆಯಾ ಅಂತ ವಿಚಾರಿಸಿ, ಸುಮಾರು ಕಡೆ ಬ್ಯಾಂಕ್ ಚೆಕ್ಕಿಗೆ ಸಹಿ ಬೇಕಾದಾಗ ಮಾತ್ರ ಅದು ನೆನಪಾಗೋದು. ಡಾಕ್ಟ್ರ ವಿಷ್ಯಕ್ಕೆ ಬಂದ್ರೆ, ನಿಯೋಜನೆ ಆದೇಶದ ನಕಲು ಕೇಳಿ ಆರ್‌ಟಿಐ ಹಾಕಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷ್ಯ, 150 ಪದ ದಾಟಬಾರ್ದು, ಹಂಗಾಗಿ ಕಥೆ ಬರೀಬೇಡಿ. ಆದೇಶಕ್ಕೆ ಯಾರು ಸಹಿ ಹಾಕಿದಾರೆ, ಯಾವ ತಾರೀಕಿನ ತನಕ ಅನ್ನೋದು ಅದರಲ್ಲೇ ಸಿಗುತ್ತೆ. ಬಾಯಿ ಮಾತಲ್ಲೇ ಕಳಿಸಿದ್ರೆ ಆದೇಶಾನೇ ಇರಲ್ಲ, ಆಗ ಆದೇಶ ಇಲ್ದೆ ಕಳಿಸಿದಾರೆ ಅಂತಲೇ ತೋರಿಸ್ಬಹುದು, ನಿಮ್ಮ ಕೆಲ್ಸ ಇನ್ನೂ ಸುಲಭ.

ಎರಡನೇ ಅರ್ಜಿಲಿ ತಾಲ್ಲೂಕು ಕೆಡಿಪಿ ಸಭೆಯ ನಡವಳಿ ಜೊತೆಗೆ ಅನುಪಾಲನಾ ವರದಿ ಕೇಳಿ. ಈ ಅನುಪಾಲನಾ ವರದಿ ಅನ್ನೋದನ್ನ ಹೊರಗಿನವ್ರು ಯಾರೂ ಕೇಳಲ್ಲ, ಹಿಂದಿನ ಸಭೆಲಿ ಕೊಟ್ಟ ಸೂಚನೆಗೆ ಏನು ಕ್ರಮ ಆಯ್ತು ಅಂತ ಇಲಾಖೆಯವ್ರೇ ಬರೆದುಕೊಟ್ಟಿರೋ ಉತ್ತರ ಅದು, "ಕ್ರಮ ವಹಿಸಲಾಗುತ್ತಿದೆ" ಅಂತಲೇ ಸಭೆ ಮೇಲೆ ಸಭೆ ಬಂದಿರುತ್ತೆ. ಎರಡೂ ಕೈಗೆ ಬಂದ ಮೇಲೆ ಜೆರಾಕ್ಸ್ ಮಾಡ್ಸಿ ಜಿಪಂ ಸಿಇಓಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಟಪಾಲು ವಿಭಾಗಕ್ಕೆ ಮಧ್ಯಾಹ್ನ ಮೂರರೊಳಗೆ ಹೋಗಿ, ಆಮೇಲೆ ಹೋದ್ರೆ ನಾಳೆ ಬನ್ನಿ ಅಂತಾರೆ.

ಕಾಫಿಪುಡಿ

ಗುಮಾಸ್ತರೇ ಇದನ್ನ ಪಿನ್ ಮಾಡ್ಬೇಕು. ನಮ್ಮೂರಲ್ಲೂ ದಂತವೈದ್ಯರ ಹುದ್ದೆ "ಭರ್ತಿ" ಇದೆ.