ಕರೆಂಟ್ ಹೋಗುತ್ತೆ ಅಂತ ಸ್ಟೋರಿ ಪಾಯಿಂಟ್ ಜಾಸ್ತಿ ಹಾಕಬೇಕಾ?

ಮಡಿಕೇರಿ ಡೆವಲಪರ್:
ಮಡಿಕೇರಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ, ಟೀಮ್ ಇರುವುದು ಬೆಂಗಳೂರಿನಲ್ಲಿ. ಎರಡು ವಾರದ ಸ್ಪ್ರಿಂಟ್, ಅಂದರೆ ಎರಡು ವಾರಕ್ಕೆ ಇಷ್ಟು ಅಂತ ಕೆಲಸ ಎತ್ತಿಕೊಂಡು ಮುಗಿಸುವ ಸುತ್ತು. ಜುಲೈನಲ್ಲಿ ಇಲ್ಲಿನ ಗಾಳಿಮಳೆ ಗೊತ್ತಲ್ಲ? ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರಲ್ಲ. ಇನ್ವರ್ಟರ್ ಹೇಗೋ ಸಂಜೆ ತನಕ ಎಳೆಯುತ್ತದೆ. ಮೊಬೈಲ್ ಟವರೂ ಕೈಕೊಟ್ಟರೆ ಆ ದಿನ ಮುಗಿದ ಹಾಗೆ.

ಹೋದ ಸ್ಪ್ರಿಂಟ್‌ನಲ್ಲಿ ರೀಫಂಡ್ ಸ್ಕ್ರೀನ್ ಸ್ಟೋರಿಗೆ (ಒಂದೊಂದು ಬಿಡಿ ಕೆಲಸಕ್ಕೂ ನಾವು ಸ್ಟೋರಿ ಅನ್ನುತ್ತೇವೆ) 5 ಪಾಯಿಂಟ್ ಅಂತ ಅಂದಾಜು ಹಾಕಿದ್ದೆವು. ಮುಗಿಯಲಿಲ್ಲ. ಮ್ಯಾನೇಜರ್ "ಮಳೆಗಾಲ ಕಳೆಯೋ ತನಕ ನಿಮ್ಮ 5ಗಳಿಗೆಲ್ಲ 8 ಹಾಕಿಬಿಡಿ" ಅಂದರು. ಸಾಲದ್ದಕ್ಕೆ ಅವರ ಎಕ್ಸೆಲ್‌ನಲ್ಲಿ 1 ಪಾಯಿಂಟ್ ಅಂದರೆ 6 ಗಂಟೆ. ಒಪ್ಪಿಕೊಂಡರೆ ನನಗೇ ಸಲೀಸು, ಆದರೂ ಯಾಕೋ ಸರಿ ಕಾಣುತ್ತಿಲ್ಲ. ನೀವೇನು ಮಾಡುತ್ತೀರಿ?

ಪಾಲಿಬೆಟ್ಟ ಸ್ಕ್ರಮ್ ಮಾಸ್ಟರ್:
8 ಹಾಕಬೇಡಿ. ಕೆಲಸ ಎಷ್ಟು ದೊಡ್ಡದು, ಎಷ್ಟು ಗೋಜಲು, ಅದರಲ್ಲಿ ನಮಗೆ ತಿಳಿಯದ್ದು ಎಷ್ಟಿದೆ, ಪಾಯಿಂಟ್ ಹೇಳುವುದು ಇಷ್ಟನ್ನೇ. ಕೊಯ್ಲಿಗೆ ಕೆಲಸದವರು ಕಡಿಮೆ ಬಂದರು ಅಂತ ಗಿಡದಲ್ಲಿ ಕಾಫಿ ಹಣ್ಣು ಜಾಸ್ತಿಯಾಗುತ್ತಾ?

ಕರೆಂಟ್ ಲೆಕ್ಕ ಸೇರಬೇಕಾದ್ದು ಕೆಪ್ಯಾಸಿಟಿಗೆ. "ಈ ಸಲ ಹತ್ತು ದಿನದಲ್ಲಿ ಏಳು ದಿನ ಸಿಗಬಹುದು" ಅಂತ ಪ್ಲಾನಿಂಗ್‌ನಲ್ಲೇ ಹೇಳಿ, ಸ್ಟೋರಿ ಕಡಿಮೆ ಎತ್ತಿಕೊಳ್ಳಿ. ಸುಮ್ನೆ 5ನ್ನು 8 ಮಾಡಿದರೆ ಅಷ್ಟೇ ಕೆಲಸಕ್ಕೆ ಟೀಮಿನ ವೆಲಾಸಿಟಿ (ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಒಟ್ಟು ಪಾಯಿಂಟ್) ಏರಿದಂತೆ ಕಾಣುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ 5ಕ್ಕೆ ಇಳಿಸಿದಾಗ "ಯಾಕ್ರೀ ಬಿತ್ತು?" ಅಂತ ಕೇಳುವವರೂ ಅದೇ ಮ್ಯಾನೇಜರ್! 5 ಇದ್ದಲ್ಲೇ ಇದ್ದರೆ ಮಳೆ ತಿಂಗಳಲ್ಲಿ ವೆಲಾಸಿಟಿ ಇಳಿಯುತ್ತದೆ. ಇಳಿಯಲಿ, ಅದು ನಿಜವಾದ ಲೆಕ್ಕ.

ಗೋಣಿಕೊಪ್ಪ ಟೆಸ್ಟರ್:
ಅಕ್ಕ ಹೇಳಿದ್ದು ಸರಿ. ಆದರೆ ಎಲ್ಲ ತಪ್ಪನ್ನೂ ಕರೆಂಟ್ ಮೇಲೆ ಹಾಕಬೇಡಿ. ನಿಮ್ಮ ರೀಫಂಡ್ ಕೆಲಸ ನಿಜವಾಗಿ 5 ಆಗಿತ್ತಾ? ನಮ್ಮಲ್ಲೂ ಇಂಥದ್ದೇ ಒಂದು ರೀಫಂಡ್ ಸ್ಟೋರಿಗೆ ಡೆವಲಪರ್‌ಗಳೆಲ್ಲ 3ರ ಕಾರ್ಡ್ ತೋರಿಸಿದರು, ನಾನು 13ರದ್ದು. ಎಲ್ಲರೂ ನಕ್ಕರು. ಅರ್ಧ ಹಣ ಮಾತ್ರ ವಾಪಸ್ ಕೊಡಬೇಕಾದರೆ? ಬ್ಯಾಂಕಿನಿಂದ ಉತ್ತರ ಬರುವ ಮೊದಲೇ ಗ್ರಾಹಕ ಎರಡನೇ ಸಲ ಬಟನ್ ಒತ್ತಿದರೆ? ಇದನ್ನೆಲ್ಲ ಕೇಳಿದ ಮೇಲೆ ನಗು ನಿಂತಿತು, ಸ್ಟೋರಿಯನ್ನು ಎರಡು ಮಾಡಿದೆವು. ಹೀಗೆ ಕಾರ್ಡ್ ಹಿಡಿದು ಪಾಯಿಂಟ್ ಹೇಳುವ ಪ್ಲಾನಿಂಗ್ ಪೋಕರ್‌ನಲ್ಲಿ ಕಾರ್ಡನ್ನು ಎಲ್ಲರೂ ಒಟ್ಟಿಗೆ ತೋರಿಸುವುದು ಇದಕ್ಕೇ. ಸೀನಿಯರ್ ಮೊದಲು ಬಾಯಿಬಿಟ್ಟರೆ ಉಳಿದವರು ಹೂಂ ಅಂದುಬಿಡುತ್ತಾರೆ.

ಕುಶಾಲನಗರದಿಂದ:
ಹೀಗೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿ, 2020ರ ಸ್ಕ್ರಮ್ ಗೈಡ್ ತೆಗೆದು ನೋಡಿ, ಸ್ಟೋರಿ ಪಾಯಿಂಟ್ ಅನ್ನುವ ಮಾತೇ ಇಲ್ಲ. ಅಳತೆ ಹೇಳುವ ಹೊಣೆ ಕೆಲಸ ಮಾಡುವ ಡೆವಲಪರ್‌ಗಳದ್ದು ಅಂತ ಇದೆ. ಹಾಗಾಗಿ 8 ಅನ್ನೋಕೆ ಮ್ಯಾನೇಜರ್ ಯಾರು? ಇನ್ನು ಪಾಯಿಂಟನ್ನು ಗಂಟೆಗೆ ತಿರುಗಿಸುವುದೇ ಆದರೆ ಈ ನಾಟಕ ಯಾಕೆ, ನೇರವಾಗಿ ಗಂಟೆಯಲ್ಲೇ ಹೇಳಬಹುದಲ್ವಾ? ನಾನಂತೂ ಹಾಗೇ ಮಾಡುತ್ತೇನೆ.

ಮಡಿಕೇರಿ ಡೆವಲಪರ್:
ಥ್ಯಾಂಕ್ಸ್. ನಾಳೆ ಪ್ಲಾನಿಂಗ್ ಇದೆ, ಏಳು ದಿನ ಅಂತಲೇ ಹೇಳುತ್ತೇನೆ. 6 ಗಂಟೆಯ ಜಗಳ ಆಮೇಲೆ. ಅಂದ ಹಾಗೆ, ರೀಫಂಡ್‌ಗೆ ಕಾರ್ಡ್ ಹಾಕಿದ ದಿನ ನಮ್ಮ ಟೆಸ್ಟರ್ ರಜೆಯಲ್ಲಿದ್ದರು. ನಾಳೆ ಅವರನ್ನೂ ಕೂರಿಸಿಕೊಂಡು, ಉಳಿದ ಕೆಲಸಕ್ಕೆ ಹೊಸದಾಗಿ ಕಾರ್ಡ್ ಹಾಕಿಸುತ್ತೇನೆ.