ಡಿಸ್ಕ್ ಬ್ರೇಕ್ ಹಾಕಿಸಿದ ಮೇಲೆ ಸಿಜೆ-5ರ ಮುಂದಿನ ಚಕ್ರದ ಅಲುಗಾಟ ನಿಲ್ಲುತ್ತಿಲ್ಲ

ಡೆನ್ವರ್_ಸಿಜೆ
ನನ್ನದು 1974ರ ಜೀಪ್ ಸಿಜೆ-5. ಮುಂದಿನ ಡ್ರಮ್‌ಗಳನ್ನು ತೆಗೆಸಿ ಡಿಸ್ಕ್ ಬ್ರೇಕ್ ಹಾಕಿಸಿದೆ. ಅಂದಿನಿಂದ ನೆಮ್ಮದಿಯಿಲ್ಲ. ಜಾಕ್ ಕೊಟ್ಟು, ಎಡ ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಿಸಿದರೆ ಟಕ್ ಟಕ್ ಎನ್ನುತ್ತದೆ. ಬೇರಿಂಗ್ ನಟ್ ಬಿಗಿ ಮಾಡಿದರೆ ಅಂದಿಗೆ ಸರಿ, ಹೆದ್ದಾರಿಯಲ್ಲಿ ಓಡಿಸಿ ಬಂದರೆ ಮತ್ತೆ ಅದೇ ಕಥೆ. ಚಕ್ರದ ನಡುವಿನ ಹಬ್ ಮುಟ್ಟಲಾಗದಷ್ಟು ಬಿಸಿ. ಬೇರಿಂಗ್ ಹೊಸದು, ಸೀಲ್ ಹೊಸದು, ಗ್ರೀಸ್ ಒಳ್ಳೆಯದು. ಈಸ್ಟರ್ ಜೀಪ್ ಸಫಾರಿಗೆ ಮೋಆಬ್‌ಗೆ ಹೋಗಲೇಬೇಕು. ದಯವಿಟ್ಟು ‘ನಟ್ ಬಿಗಿ ಮಾಡಿ’ ಎಂದು ಮಾತ್ರ ಯಾರೂ ಬರೆಯಬೇಡಿ.

ಕಾಫಿತೋಟ_3ಬಿ
ಇದು ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ಹೊರಳುವ ಕೀಲು), ನೂರಕ್ಕೆ ನೂರು. ಮೂಡಿಗೆರೆ ಕಡೆಯ ತೋಟದ ಜೀಪುಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಮೇಲಿನ ಕ್ಯಾಪ್ ಬಿಚ್ಚಿ ಒಂದು ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆಯಿರಿ, ಅಲುಗಾಟ ಹೋಗುತ್ತದೆ. ಹೊಸ ಬೇರಿಂಗ್‌ಗೆ ಸುಮ್ಮನೆ ದುಡ್ಡು ಸುರಿಯಬೇಡಿ.

ಹಳೇ_ವಿಲ್ಲಿಸ್
ಊಹೆ ಬೇಡ, ಪರೀಕ್ಷೆ ಸುಲಭವಾಗಿದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಚಕ್ರ ಅಲುಗಿಸಲಿ. ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗ್‌ನಲ್ಲಿದೆ. ನಿಲ್ಲದಿದ್ದರೆ ಅದರ ಹಿಂದೆ, ಚಕ್ರವನ್ನು ಹೊತ್ತು ಸ್ಟೀರಿಂಗ್ ಜೊತೆ ತಿರುಗುವ ನಕಲ್‌ನಲ್ಲಿದೆ.

ಡೆನ್ವರ್_ಸಿಜೆ
ಮಾಡಿ ನೋಡಿದೆ. ಬ್ರೇಕ್ ಒತ್ತಿದಾಗ ಪೂರ್ತಿ ನಿಲ್ಲುತ್ತದೆ.

ಕಾಫಿತೋಟ_3ಬಿ
ಆದರೂ ಕಿಂಗ್‌ಪಿನ್ ಬಿಚ್ಚಿ ನೋಡುವುದರಲ್ಲಿ ನಷ್ಟವೇನು? ಕೆಳಗಿನ ಬೇರಿಂಗ್‌ಗೆ ನೀರು ಹೋದರೆ ತುಕ್ಕು ಹಿಡಿದು ಗುಳಿ ಬೀಳುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನಕಲ್ ಒಳಗೆ ಗ್ರೀಸ್ ತುಂಬಿದ್ದೀರೋ 140ರ ದಪ್ಪ ಗೇರ್ ಎಣ್ಣೆಯೋ? ಗ್ರೀಸ್ ಆದರೆ ಕಿಂಗ್‌ಪಿನ್‌ವರೆಗೆ ತಲುಪುವುದೇ ಇಲ್ಲ.

ಹಳೇ_ವಿಲ್ಲಿಸ್
ಸರ್, ನಿಮ್ಮದು ಮಹೀಂದ್ರಾ ಸಿಜೆ-3ಬಿ, ಮುಚ್ಚಿದ ನಕಲ್. ಅದರಲ್ಲಿ ಕಿಂಗ್‌ಪಿನ್ ಇದೆ, ಒಪ್ಪುತ್ತೇನೆ. 1972ರಿಂದ ಅಮೆರಿಕದ ಸಿಜೆಗಳ ಮುಂದೆ ಡಾನಾ 30 ಆಕ್ಸಲ್ ಬಂತು. ಅದು ತೆರೆದ ನಕಲ್, ಬಾಲ್ ಜಾಯಿಂಟ್ ಇರುವುದು. ಇವರ ಗಾಡಿಯಲ್ಲಿ ಬಿಚ್ಚಲು ಕಿಂಗ್‌ಪಿನ್ನೇ ಇಲ್ಲ, ಎಣ್ಣೆ ತುಂಬಲು ಜಾಗವೂ ಇಲ್ಲ. ಇನ್ನು ನಿಮ್ಮ ಗಾಡಿಯ ಮಾತು: 140 ಎಣ್ಣೆ ಹಾಕಿದರೆ ಒಳಗಿನ ಸೀಲ್ ಹೋದ ದಿನ ಬ್ರೇಕ್ ಲೈನರ್ ಪೂರ್ತಿ ಎಣ್ಣೆಮಯ.

ಕಾಫಿತೋಟ_3ಬಿ
ಸೀಲ್ ಸರಿಯಾಗಿ ಕೂರಿಸಿದವನಿಗೆ ಸೋರುವುದಿಲ್ಲ. ಮಲೆನಾಡಿನ ಮಳೆಯಲ್ಲಿ, ಕೆಸರಿನಲ್ಲಿ ಎಣ್ಣೆಯೇ ಬೇಕು. ಇದರಲ್ಲಿ ನಾನು ಬಗ್ಗುವವನಲ್ಲ.

ಮಸ್ಕತ್_40
ಈ ತಲೆನೋವೇ ಬೇಡ ಎಂದು ನಾನು ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40 ತೆಗೆದುಕೊಂಡೆ. ಆರು ಸ್ಟಡ್ ಚಕ್ರ, 54 ಮಿ.ಮೀ. ನಟ್, ಬಿರ್‌ಫೀಲ್ಡ್ ಜಾಯಿಂಟ್, ಮುಂದೆ ವಿಂಚ್. ಒಮಾನಿನ ವಹೀಬಾ ಮರಳಿನಲ್ಲಿ ಟೈರ್ ಗಾಳಿ 15 ಪಿಎಸ್‌ಐಗೆ ಇಳಿಸಿ ಬಿಟ್ಟರೆ ದಿಬ್ಬದ ಮೇಲೆ ದಿಬ್ಬ ಹತ್ತುತ್ತದೆ. ಬೇಕಾದರೆ ಚಿತ್ರ ಹಾಕುತ್ತೇನೆ.

ಲೇತ್_ಮೈಸೂರು
ಚಿತ್ರ ಆಮೇಲೆ. ಡೆನ್ವರ್ ಸರ್, ಮೂರು ಪ್ರಶ್ನೆಗಳಿಗೆ ಉತ್ತರಿಸಿ. ಡಿಸ್ಕ್ ಇರುವ ಹಬ್ ಯಾವ ಗಾಡಿಯದು? ಹಬ್‌ಗೆ ಅಚ್ಚಾಗಿರುವ ಸ್ಪಿಂಡಲ್ ಯಾವ ಗಾಡಿಯದು? ಬೇರಿಂಗ್‌ನ ಕಪ್ಪಿನ (ಹೊರಬಳೆ) ಮೇಲೂ ಕೋನಿನ (ಒಳಬಳೆ) ಮೇಲೂ ಇರುವ ಸಂಖ್ಯೆ ಏನು?

ಡೆನ್ವರ್_ಸಿಜೆ
ಹಬ್, ಡಿಸ್ಕ್, ಪ್ಯಾಡ್ ಒತ್ತುವ ಕ್ಯಾಲಿಪರ್ ಎಲ್ಲವೂ ಗುಜರಿಯಲ್ಲಿ ಸಿಕ್ಕ 1979ರ ಸಿಜೆ-7ರವು. ಸ್ಪಿಂಡಲ್ ನನ್ನ ಗಾಡಿಯದೇ, ಚೆನ್ನಾಗಿತ್ತು. ಬೇರಿಂಗ್ ಪೆಟ್ಟಿಗೆಯ ಮೇಲೆ 18590, 18520 ಎಂದಿದೆ. ಹಬ್ಬಿನಲ್ಲಿದ್ದ ಹಳೆಯ ಬೇರಿಂಗ್ ಸ್ಪಿಂಡಲ್ ಮೇಲೆ ಲೊಡಲೊಡ ಎನ್ನುತ್ತಿತ್ತಂತೆ. ಅದಕ್ಕೆ ವರ್ಕ್‌ಶಾಪಿನವರು ಕಪ್ ಸಮೇತ ಇದನ್ನು ಹಾಕಿದರು.

ಲೇತ್_ಮೈಸೂರು
ಸಿಕ್ಕಿತು. 18590 ಕೋನಿನ ಒಳವ್ಯಾಸ 41.275 ಮಿ.ಮೀ., ನಿಮ್ಮ ಹಳೆಯ ಸ್ಪಿಂಡಲ್‌ಗೆ ಅದೇ ಸರಿ. ಅದರ ಜೋಡಿ 18520 ಕಪ್ಪಿನ ಹೊರವ್ಯಾಸ 73.025. ಆದರೆ 1977ರಿಂದೀಚಿನ ಡಿಸ್ಕ್ ಹಬ್‌ಗೆ ಬರುವುದು ಎಲ್ಎಂ102949 ಕೋನ್, ಎಲ್ಎಂ102910 ಕಪ್. ಆ ಕೋನಿನ ಒಳವ್ಯಾಸ 45.242, ಕಪ್ಪಿನ ಹೊರವ್ಯಾಸ 73.431. ಎರಡು ಕಪ್ಪುಗಳ ನಡುವಿನ ವ್ಯತ್ಯಾಸ 0.4 ಮಿ.ಮೀ. ಮಾತ್ರ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾದ ಕಪ್ ನಿಮ್ಮ ಹಬ್ಬಿನಲ್ಲಿ ಸಡಿಲವಾಗಿ ಕೂತಿದೆ. ಗಾಡಿ ಓಡುವಾಗ ಕಪ್ಪೇ ಹಬ್ಬಿನೊಳಗೆ ತಿರುಗುತ್ತದೆ, ಲೋಹ ಸವೆಯುತ್ತದೆ, ಬಿಸಿಯಾಗುತ್ತದೆ. ನಟ್ ಎಷ್ಟು ಬಿಗಿ ಮಾಡಿದರೂ ಅಷ್ಟೇ. ಹಬ್ ಬಿಚ್ಚಿ, ಗ್ರೀಸ್ ಒರೆಸಿ, ಕಪ್ಪನ್ನು ಹೆಬ್ಬೆರಳಿನಿಂದ ತಳ್ಳಿ ನೋಡಿ.

ಡೆನ್ವರ್_ಸಿಜೆ
ಈಗಷ್ಟೇ ಬಿಚ್ಚಿದೆ. ಹೊರಗಿನ ಕಪ್ ಹೆಬ್ಬೆರಳು ತಾಗಿದ್ದೇ ತಡ, ಅಂಗೈಗೆ ಬಿತ್ತು. ಕಪ್ಪಿನ ಬೆನ್ನು ನೀಲಿಗಟ್ಟಿದೆ. ಹಬ್ಬಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿದೆ, ಗ್ರೀಸಿನಲ್ಲಿ ಬೆಳ್ಳಿಬಣ್ಣದ ಪುಡಿ. ಬಲ ಚಕ್ರವೂ ಅದೇ ಹಾದಿಯಲ್ಲಿದೆ.

ಕಾಫಿತೋಟ_3ಬಿ
ಹಾಗಿದ್ದರೆ ಹಬ್ಬಿನ ಒಳಗೆ ಸುತ್ತಲೂ ಸೆಂಟರ್ ಪಂಚ್ ಹೊಡೆದು ಚುಕ್ಕಿ ಎಬ್ಬಿಸಿ, ಕಪ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಇಲ್ಲಿ ಹಾಗೆ ಮಾಡಿದ ಜೀಪುಗಳು ಈಗಲೂ ಫಸಲು ಹೊರುತ್ತಿವೆ.

ಲೇತ್_ಮೈಸೂರು
ಬೇಡವೇ ಬೇಡ. ತೋಟದ ಹಾದಿಯಲ್ಲಿ ಇಪ್ಪತ್ತರ ವೇಗಕ್ಕೆ ಅದು ಕೆಲವು ದಿನ ತಡೆದೀತು. ಇವರು ಹೆದ್ದಾರಿಯಲ್ಲಿ ಓಡಿಸುವವರು. ಚುಕ್ಕಿಗಳ ತುದಿಯ ಮೇಲೆ ನಿಂತ ಕಪ್ ನೇರವಾಗಿ ಕೂರುವುದಿಲ್ಲ, ಚುಕ್ಕಿ ಸವೆದ ದಿನ ಮತ್ತೆ ತಿರುಗುತ್ತದೆ. 0.4 ಮಿ.ಮೀ. ಸಂದನ್ನು ತುಂಬುವ ಅಂಟನ್ನೂ ನಂಬಬೇಡಿ.
ದಾರಿ ಒಂದೇ: ಸ್ಪಿಂಡಲ್ ಬದಲಿಸಿ. ಡಿಸ್ಕ್ ಕಾಲದ ಸ್ಪಿಂಡಲ್ ನಿಮ್ಮ ನಕಲ್‌ನ ಅದೇ ಆರು ಬೋಲ್ಟ್‌ಗಳಿಗೆ ಕೂರುತ್ತದೆ. ಅದಕ್ಕೆ ಎಲ್ಎಂ ಬೇರಿಂಗ್, ಅದರದೇ ಸೀಲ್. ಮೊದಲು ಹೊಸ 102910 ಕಪ್ಪನ್ನು ಈ ಹಬ್ಬಿಗೆ ಕೂರಿಸಿ ನೋಡಿ. ಬಡಿಯದೆ ಒಳಗೆ ಇಳಿದರೆ ಹಬ್ ಸವೆದಿದೆ ಎಂದರ್ಥ, ಅದನ್ನು ಗುಜರಿಗೆ ಹಾಕಿ.

ಹಳೇ_ವಿಲ್ಲಿಸ್
ಬಿಗಿ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ, ಉಳಿ-ಸುತ್ತಿಗೆಯಲ್ಲಿ ನಟ್ ತಿರುಗಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. ಹಬ್ ತಿರುಗಿಸುತ್ತ ಒಳಗಿನ ನಟ್ಟನ್ನು 50 ಅಡಿ-ಪೌಂಡ್‌ಗೆ ಬಿಗಿ ಮಾಡಿ, ಆರನೇ ಒಂದು ಸುತ್ತು ಹಿಂದೆ ಬಿಡಿ, ಲಾಕ್ ವಾಷರ್ ಹಾಕಿ, ಹೊರಗಿನ ನಟ್ಟನ್ನು ಮತ್ತೆ 50ಕ್ಕೆ ಬಿಗಿ ಮಾಡಿ.

ಡೆನ್ವರ್_ಸಿಜೆ
ಎರಡೂ ಬದಿಗೆ ಸ್ಪಿಂಡಲ್ ಸಿಕ್ಕಿತು, ಎಲ್ಎಂ ಬೇರಿಂಗ್ ಹಾಕಿದೆ. ಬಲ ಹಬ್ ಉಳಿಯಿತು, ಎಡಕ್ಕೆ ಬೇರೆ ಹಬ್ ತಂದೆ. ಅಲುಗಾಟ ಸಂಪೂರ್ಣ ಹೋಯಿತು, ಲೇತ್ ಸರ್‌ಗೆ ದೊಡ್ಡ ನಮಸ್ಕಾರ. ಆದರೆ ಓಡಿಸಿ ಬಂದರೆ ಎರಡೂ ಡಿಸ್ಕ್ ಇನ್ನೂ ಬಿಸಿ. ಜಾಕ್ ಮೇಲೆ ಚಕ್ರ ತಿರುಗಿಸಿದರೆ ಪ್ಯಾಡ್ ಉಜ್ಜುವ ಸದ್ದು.

ಮಸ್ಕತ್_40
ಎಫ್‌ಜೆ40 ತೆಗೆದುಕೊಳ್ಳಿ.

ಹಳೇ_ವಿಲ್ಲಿಸ್
ಇದು ಬೇರೆಯದೇ ಕಾಯಿಲೆ. ಡ್ರಮ್ ಬ್ರೇಕ್‌ಗೆ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ರೆಸಿಡುಯಲ್ ವಾಲ್ವ್ ಇರುತ್ತದೆ. ಡಿಸ್ಕ್‌ಗೆ ಅಷ್ಟು ಒತ್ತಡ ಉಳಿದರೆ ಪ್ಯಾಡ್ ಹಿಂದೆ ಸರಿಯುವುದಿಲ್ಲ. ಪ್ಯಾಡ್ ಉಜ್ಜುತ್ತಿರುವಾಗ ಕ್ಯಾಲಿಪರ್‌ನ ಬ್ಲೀಡರ್ (ಬ್ರೇಕ್ ಎಣ್ಣೆ ಹೊರಬಿಡುವ ತಿರುಪು) ಸಡಿಲಿಸಿ. ಚಕ್ರ ಹಗುರವಾಗಿ ತಿರುಗಿದರೆ ಪೈಪಿನಲ್ಲಿ ಒತ್ತಡ ನಿಂತಿದೆ. ಆ ವಾಲ್ವ್ ಸಾಮಾನ್ಯವಾಗಿ ಇರುವುದು ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ. ನೀವು ಯಾವುದು ಹಾಕಿದ್ದೀರಿ, ಹಳೆಯದೋ ಡಿಸ್ಕ್ ಗಾಡಿಯದೋ?

ಕಾಫಿತೋಟ_3ಬಿ
ಡ್ರಮ್ಮೇ ಇಟ್ಟುಕೊಂಡಿದ್ದರೆ ಇದ್ಯಾವುದೂ ಬರುತ್ತಿರಲಿಲ್ಲ. 11 ಇಂಚಿನ ಡ್ರಮ್ ಸರಿಯಾಗಿ ಹೊಂದಿಸಿದರೆ ಘಾಟಿ ಇಳಿಯಲು ಸಾಕು.

ಲೇತ್_ಮೈಸೂರು
ಡೆನ್ವರ್ ಸರ್, ಮಾಸ್ಟರ್ ಸಿಲಿಂಡರ್ ಯಾವುದೆಂದು ಹೇಳಿ. ಉತ್ತರ ಬರುವವರೆಗೆ ಗಾಡಿಯನ್ನು ಹೆದ್ದಾರಿಗೆ ಇಳಿಸಬೇಡಿ. ಹೊಸ ಬೇರಿಂಗ್‌ನ ಗ್ರೀಸ್ ಕರಗಿ ಸೀಲ್ ದಾಟಿದರೆ ನೇರ ಡಿಸ್ಕ್ ಮೇಲೆಯೇ ಬೀಳುತ್ತದೆ.