ಹಳೆಯ ಐಬಿಎಂ ಮಾಡೆಲ್ ಎಂ ಕೀಬೋರ್ಡು, ಹೊಸ ಲ್ಯಾಪ್‌ಟಾಪು: ಜೋಡಿಸಿದವರು ಹೇಳಿ

ಪ್ರಶ್ನೆ: ಚಿಕ್ಕಪ್ಪನ ಆಫೀಸು ಖಾಲಿ ಮಾಡುವಾಗ ಸಿಕ್ಕಿದ ಐಬಿಎಂ ಮಾಡೆಲ್ ಎಂ ಈಗ ನನ್ನ ಹತ್ತಿರ ಇದೆ. ಹಿಂದಿನ ಲೇಬಲ್ಲಿನಲ್ಲಿ 1391401 ಅಂತಿದೆ. ವೈರಿನ ತುದಿಗೆ ಆರು ಪಿನ್ನಿನ ಪಿಎಸ್/2 ಪ್ಲಗ್, ಹಳೆ ಕಂಪ್ಯೂಟರುಗಳ ಚಿಕ್ಕ ದುಂಡಗಿನದು. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಟೈಪ್-ಸಿ ಮಾತ್ರ. ಹಳೆ ಡಬ್ಬದಲ್ಲಿದ್ದ ಪಿಎಸ್/2ನಿಂದ ಯುಎಸ್‌ಬಿಗೆ ಬದಲಿಸುವ ಚಿಕ್ಕ ನೇರಳೆ ಬಣ್ಣದ ಅಡಾಪ್ಟರ್ ಹಾಕಿ ನೋಡಿದೆ. ಸಿಕ್ಕಿಸಿದ ತಕ್ಷಣ ಮೂರೂ ಲೈಟು ಒಮ್ಮೆ ಮಿನುಗುತ್ತವೆ, ಆಮೇಲೆ ಏನೂ ಇಲ್ಲ. ಕೀಬೋರ್ಡು ಕೆಟ್ಟಿದೆಯಾ?

ಉತ್ತರ: ಲೈಟು ಮಿನುಗಿತು ಅಂದರೆ ಕರೆಂಟು ತಲುಪುತ್ತಿದೆ, ಒಳಗಿನ ಚಿಪ್ಪು ತನ್ನ ಪರೀಕ್ಷೆ ಮಾಡಿಕೊಂಡಿದೆ. ಕೀಬೋರ್ಡಿಗೆ ಜೀವ ಇದೆ, ಚಿಂತೆ ಬೇಡ. ತೊಂದರೆ ಇರುವುದು ಅಡಾಪ್ಟರಿನಲ್ಲಿ. ಅದರೊಳಗೆ ಚಿಪ್ಪೇ ಇಲ್ಲ, ಈ ಪಿನ್ನಿನಿಂದ ಆ ಪಿನ್ನಿಗೆ ಬರೀ ತಂತಿ. ಪಿಎಸ್/2, ಯುಎಸ್‌ಬಿ ಎರಡೂ ಗೊತ್ತಿರುವ ಕೀಬೋರ್ಡುಗಳಿಗೆ ಮಾತ್ರ ಅದು ಸಾಕು. ಮಾಡೆಲ್ ಎಂ ಬಂದದ್ದು 1985ರಲ್ಲಿ, ಯುಎಸ್‌ಬಿ ಬಂದದ್ದು 1996ರಲ್ಲಿ. ಅದಕ್ಕೆ ಯುಎಸ್‌ಬಿ ಹೇಗೆ ಗೊತ್ತಿರುತ್ತದೆ, ಅಲ್ವಾ?

ನಿಮಗೆ ಬೇಕಿರುವುದು ಚಿಪ್ಪಿರುವ 'ಆಕ್ಟಿವ್ ಕನ್ವರ್ಟರ್'. ಸಾಮಾನ್ಯವಾಗಿ ಸಣ್ಣ ವೈರಿನ ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ನೇರಳೆ ಮತ್ತು ಹಸಿರು ಸಾಕೆಟ್ ಇರುತ್ತವೆ. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಸಾಧ್ಯವಾದರೆ ಕೀಬೋರ್ಡನ್ನೇ ಎತ್ತಿಕೊಂಡು ಹೋಗಿ, ಎರಡು ಕಿಲೋ ಮೇಲೆ ಭಾರ ಇದೆ ಅಂತ ಬಿಡಬೇಡಿ. ಯಾಕೆಂದರೆ ಮಾಡೆಲ್ ಎಂ ಈಗಿನ ಕೀಬೋರ್ಡುಗಳಿಗಿಂತ ಜಾಸ್ತಿ ಕರೆಂಟು ಎಳೆಯುತ್ತದೆ. ಕೆಲವು ಅಗ್ಗದ ಕನ್ವರ್ಟರುಗಳು ಅದರ ಜೊತೆ ನಿಲ್ಲುವುದಿಲ್ಲ, ಅಕ್ಷರ ನುಂಗುತ್ತವೆ. ಅಲ್ಲೇ ಟೈಪ್ ಮಾಡಿ ನೋಡಿ ತೆಗೆದುಕೊಳ್ಳಿ. ಕನ್ವರ್ಟರಿನ ಯುಎಸ್‌ಬಿಯನ್ನು ಟೈಪ್-ಸಿಗೆ ಸೇರಿಸಲು ಮಾಮೂಲಿ ಒಟಿಜಿ ತುಂಡು ಸಾಕು.

ಇನ್ನೊಂದು ವಿಷಯ. ಪಿಎಸ್/2 ಪ್ಲಗ್ಗನ್ನು ಕರೆಂಟು ಇರುವಾಗ ಕಿತ್ತು ಹಾಕಬಾರದು. ಮೊದಲು ಕೀಬೋರ್ಡನ್ನು ಕನ್ವರ್ಟರಿಗೆ ಸೇರಿಸಿ, ಆಮೇಲೆ ಕನ್ವರ್ಟರನ್ನು ಲ್ಯಾಪ್‌ಟಾಪಿಗೆ.

ಉತ್ತರ: ಮೇಲಿನವರು ಹೇಳಿದ್ದು ಆರು ಪಿನ್ನಿಗೆ ಸರಿ. ದೊಡ್ಡ ಐದು ಪಿನ್ನಿನ ಡಿನ್ ಪ್ಲಗ್ ಇರುವವರು ಸ್ವಲ್ಪ ನಿಲ್ಲಿ. ಐಬಿಎಂನ ಹಳೆ ಕಂಪ್ಯೂಟರುಗಳಾದ ಎಕ್ಸ್‌ಟಿ, ಎಟಿ ಎರಡರ ಕೀಬೋರ್ಡಿಗೂ ಪ್ಲಗ್ ಒಂದೇ, ಒಳಗಿನ ಭಾಷೆ ಬೇರೆ. ಎಟಿ ಆದರೆ ಐದು ಪಿನ್ನಿನಿಂದ ಆರು ಪಿನ್ನಿಗೆ ಬದಲಿಸುವ ತುಂಡು ಹಾಕಿ ಅದೇ ಕನ್ವರ್ಟರಿಗೆ ಕೊಡಬಹುದು. ಐಬಿಎಂನ 83 ಕೀಗಳ ಮಾಡೆಲ್ ಎಫ್ ಎಕ್ಸ್‌ಟಿ ಜಾತಿಯದು. ಅದು ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರಿನ ಮಾತು ಕೇಳುವುದಿಲ್ಲ. ಅದಕ್ಕೇ ಅದರಲ್ಲಿ ಕ್ಯಾಪ್ಸ್ ಲಾಕ್ ಲೈಟೂ ಇಲ್ಲ. ಅಂಗಡಿಯ ಸಾಮಾನ್ಯ ಕನ್ವರ್ಟರ್ ಇದಕ್ಕೆ ಆಗುವುದಿಲ್ಲ.

ನಾನು ಪ್ರೊ ಮೈಕ್ರೊ ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ 'ಸೋರರ್ಸ್ ಕನ್ವರ್ಟರ್' ಫರ್ಮ್‌ವೇರ್ (ಚಿಪ್ಪಿನೊಳಗಿನ ತಂತ್ರಾಂಶ) ಹಾಕಿ ಕನ್ವರ್ಟರ್ ಮಾಡಿಕೊಂಡೆ. ಬೋರ್ಡು ಕೊಳ್ಳುವಾಗ ಚಿಪ್ಪು ಎಟಿಮೆಗಾ32ಯು4 ಆಗಿರಲಿ. ಬೆಸುಗೆ ಹಾಕಬೇಕಾದದ್ದು ನಾಲ್ಕೇ ತಂತಿ: ಕ್ಲಾಕ್, ಡೇಟಾ, ಐದು ವೋಲ್ಟು, ಗ್ರೌಂಡು. ತಂತಿಯ ಬಣ್ಣ ಮಾತ್ರ ನಂಬಬೇಡಿ, ಕಂಪನಿಗೊಂದು ಥರ ಇರುತ್ತದೆ. ಮಲ್ಟಿಮೀಟರ್ ಇಟ್ಟು ಯಾವ ತಂತಿ ಯಾವ ಪಿನ್ನಿಗೆ ಹೋಗಿದೆ ನೋಡಿ. ಐದು ಪಿನ್ನಿನಲ್ಲಿ 1ನೇದು ಕ್ಲಾಕ್, 2ನೇದು ಡೇಟಾ, 4ನೇದು ಗ್ರೌಂಡು, 5ನೇದು ಐದು ವೋಲ್ಟು. ಆರು ಪಿನ್ನಿನಲ್ಲಿ 1ನೇದು ಡೇಟಾ, 3ನೇದು ಗ್ರೌಂಡು, 4ನೇದು ಐದು ವೋಲ್ಟು, 5ನೇದು ಕ್ಲಾಕ್. ಕನ್ನಡಿಯಲ್ಲಿ ನೋಡಿದಂತೆ ಎಡಬಲ ತಿರುಗಿ ಹೋಗುವುದು ಇಲ್ಲೇ. ಕೈಯಲ್ಲಿರುವ ಚಿತ್ರ ಪ್ಲಗ್ಗಿನದೋ ಸಾಕೆಟ್ಟಿನದೋ ಮೊದಲು ನೋಡಿಕೊಳ್ಳಿ.

ಉತ್ತರ: ನಮ್ಮದು ಡಿಟಿಪಿ ಅಂಗಡಿ. ಟಿವಿಎಸ್ ಗೋಲ್ಡ್ ಕೀಬೋರ್ಡು, ಪಿಎಸ್/2 ಪ್ಲಗ್ಗಿನದು, ಇದೇ ಎರಡು ಸಾಕೆಟ್ಟಿನ ಕನ್ವರ್ಟರಿನಲ್ಲಿ ನಡೆಯುತ್ತಿದೆ. ದೊಡ್ಡ ಲಾಭ ಏನೆಂದರೆ ಸ್ಕ್ರಾಲ್ ಲಾಕ್ ವಾಪಸ್ ಬಂತು! 'ನುಡಿ' ತಂತ್ರಾಂಶದಲ್ಲಿ ಕನ್ನಡ, ಇಂಗ್ಲಿಷ್ ಬದಲಿಸಲು ಅದೇ ಬೇಕು, ಲ್ಯಾಪ್‌ಟಾಪಿನಲ್ಲಿ ಆ ಕೀಯೇ ಇರಲಿಲ್ಲ.

ಕೇಳಿದವರು: ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇದರಲ್ಲಿ ವಿಂಡೋಸ್ ಕೀ ಇಲ್ಲವಲ್ಲ, ಅದಕ್ಕೇನು ಮಾಡುತ್ತೀರಿ?

ಉತ್ತರ: ಪವರ್‌ಟಾಯ್ಸ್ ಅಂತ ಮೈಕ್ರೋಸಾಫ್ಟಿನದೇ ಉಚಿತ ತಂತ್ರಾಂಶ ಇದೆ. ಅದರಲ್ಲಿ ಕೀಬೋರ್ಡ್ ಮ್ಯಾನೇಜರ್ ತೆಗೆದು ಕ್ಯಾಪ್ಸ್ ಲಾಕನ್ನು ವಿಂಡೋಸ್ ಕೀ ಮಾಡಿ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಕ್ಯಾಪ್ಸ್ ಲಾಕ್ ಸುಮ್ನೆ ಜಾಗ ತಿನ್ನುತ್ತದೆ. ಮತ್ತೆ, ಕೊಳೆ ಜಾಸ್ತಿ ಇದ್ದರೆ ಕೀಯ ಮೇಲಿನ ಟೋಪಿಗಳನ್ನು ಮಾತ್ರ ಕಿತ್ತು ಸೋಪಿನ ನೀರಿನಲ್ಲಿ ತೊಳೆಯಿರಿ. ಕೀಬೋರ್ಡಿಗೆ ನೀರು ಬೇಡ, ಒಳಗೆ ಮೆಂಬ್ರೇನ್ ಹಾಳೆಗಳಿವೆ. ಬುಡವನ್ನು ಅಲ್ಲಾಡಿಸಿದಾಗ ಪುಡಿ ಸದ್ದು ಬಂದರೆ ಒಳಗಿನ ತಟ್ಟೆಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ರಿವೆಟ್ಟುಗಳು ಮುರಿದಿವೆ ಅಂತ ಅರ್ಥ. ಒಂದೆರಡು ಮುರಿದಿದ್ದರೆ ಬಿಟ್ಟುಬಿಡಿ. ಸಾಲಾಗಿ ಕೆಲವು ಕೀಗಳು ಮೆತ್ತಗಾಗಿದ್ದರೆ ಮಾತ್ರ ಬಿಚ್ಚಿ ಬೋಲ್ಟು ಹಾಕಿಸುವ ಯೋಚನೆ ಮಾಡಿ. ಒಂದು ಇಡೀ ಭಾನುವಾರ ಬಿಡುವಿರಬೇಕು.